ಸಮದುಃಖಿಗಳ ಸಂಗ

ಬಿದ್ದವನನ್ನು ಎತ್ತಬಲ್ಲವನು ಯಾರು? ಎಂದೂ ಬೀಳದೆ ನಿಂತವನೋ, ಬಿದ್ದು ಎದ್ದವನೋ? ನಿಂತವನೇ ಕೈನೀಡಬೇಕೆಂಬ ಉತ್ತರವು ಮೇಲ್ನೋಟಕ್ಕೆ ಸಹಜವೆಂದು ತೋರುವುದು. ಮೂವತ್ತು ವರ್ಷಕಾಲ ಮಠದ ಪಾಠಶಾಲೆಯಲ್ಲಿ ಬೋಧಿಸಿದ ನಾನೂ ಹಾಗೆಯೇ ತಿಳಿದಿದ್ದೆನು.

ನಮ್ಮ ಕಡೆಯ ಒಕ್ಕಲಿಗ ಗೃಹಸ್ಥನೊಬ್ಬನು ಕುಡಿತಕ್ಕೆ ಸಿಲುಕಿ ಮನೆಮಂದಿಯನ್ನು ಕಣ್ಣೀರಿನಲ್ಲಿ ಇಟ್ಟಿದ್ದನು. ಆತನ ಮಡದಿಯ ಮೊರೆಯನ್ನು ಕೇಳಿ ನಾನು ಅವನನ್ನು ಕರೆಸಿದೆನು. ಮದ್ಯಪಾನದ ದೋಷವನ್ನು ಕುರಿತು ಒಂದು ತಾಸು ಉಪದೇಶಿಸಿ, ಗದ್ದುಗೆಯ ಮುಂದೆ ಆಣೆ ಮಾಡಿಸಿದೆನು. ಆಣೆಯು ಹನ್ನೊಂದು ದಿನ ನಿಂತಿತು. ಆಮೇಲೆ ಅವನು ಮತ್ತೆ ಕುಡಿದುದಷ್ಟೇ ಅಲ್ಲ, ಆಣೆ ಮುರಿದವನೆಂಬ ನಾಚಿಕೆಯಿಂದ ಮಠದ ಓಣಿಯನ್ನು ಬಿಟ್ಟು ಸುತ್ತುಬಳಸಿ ಹೋಗತೊಡಗಿದನು. ನಾನು ಕೊಟ್ಟ ಔಷಧವು ಇದ್ದ ರೋಗದೊಡನೆ ಇನ್ನೊಂದನ್ನು ಕೂಡಿಸಿತ್ತು. ಒಮ್ಮೆ ಬಸ್ಸಿನ ನಿಲ್ದಾಣದಲ್ಲಿ ಎದುರಾದಾಗ ತಲೆಯೆತ್ತದೆ ನುಡಿದನು: “ನೀವು ಹೇಳೂದೆಲ್ಲಾ ಖರೇ ಅದರಿ, ಶಾಸ್ತ್ರಿಗಳ. ಆದರ ಸಂಜಿ ಆತಂದ್ರ ನನ್ನ ಕೈ ಹ್ಯಾಂಗ ನಡಗತಾವ ಅನ್ನೂದು ನಿಮಗ ಗೊತ್ತಿಲ್ಲ. ಗೊತ್ತಿದ್ದವರು ಯಾರರೆ ಇದ್ದರ ಹೇಳ್ರಿ.”

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ದೂರದ ದೇಶದ ಒಂದು ವೃತ್ತಾಂತವು ದೊರೆಯಿತು.

1935ರ ಮೇ ತಿಂಗಳಲ್ಲಿ, ಅಮೇರಿಕೆಯ ಓಹಾಯೋ ಪ್ರಾಂತದ ಆಕ್ರನ್ ಎಂಬ ಪಟ್ಟಣದಲ್ಲಿ, ಬಿಲ್ ವಿಲ್ಸನ್ ಎಂಬ ವ್ಯಾಪಾರಸ್ಥನು ಒಂದು ಹೋಟೆಲಿನ ಪಡಸಾಲೆಯಲ್ಲಿ ಒಬ್ಬಂಟಿಗನಾಗಿ ನಿಂತಿದ್ದನು. ಬಂದ ಕಾರ್ಯವು ಕೆಟ್ಟಿತ್ತು. ಕುಡಿತವನ್ನು ಬಿಟ್ಟು ಐದಾರು ತಿಂಗಳಾಗಿತ್ತು, ಅಷ್ಟೆ. ಹೋಟೆಲಿನ ಮದ್ಯದಂಗಡಿಯೂ ಹತ್ತಿರದಲ್ಲೇ ಇತ್ತು. ಆ ತಿಂಗಳುಗಳಲ್ಲಿ ಅವನು ಎಷ್ಟೋ ಕುಡುಕರನ್ನು ತಿದ್ದಲು ಹೋಗಿದ್ದನು; ಒಬ್ಬನೂ ತಿದ್ದಿಕೊಂಡಿರಲಿಲ್ಲ. ಆದರೆ ತಿದ್ದಲು ಹೋದ ತಾನು ಮಾತ್ರ ಕುಡಿಯದೆ ಉಳಿದಿದ್ದನು! ಇದನ್ನು ನೆನೆದು ಅವನು ಊರಿನ ಪಾದ್ರಿಗಳಿಗೆ ದೂರವಾಣಿ ಮಾಡಿ, ತನಗೊಬ್ಬ ಕುಡುಕನನ್ನು ತೋರಿಸಿರೆಂದು ಬೇಡಿದನು. ಹೀಗೆ ಕೇಳುತ್ತ ಕೇಳುತ್ತ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೆಟ್ಟಿಯಾಯಿತು. ಕಾಲು ತಾಸಿಗಿಂತ ಹೆಚ್ಚು ಕೂಡ್ರಲಾರೆನೆಂದು ಬಂದ ಆ ವೈದ್ಯನು ರಾತ್ರಿ ಬಹಳ ಹೊತ್ತಿನವರೆಗೆ ಕುಳಿತನು. ವಿಲ್ಸನ್ನನು ಉಪದೇಶ ಮಾಡಲಿಲ್ಲ, ತನ್ನ ಕಥೆಯನ್ನೇ ಹೇಳಿದನು. ಅದೇ ವರ್ಷದ ಜೂನ್ 10ರಂದು ಸ್ಮಿತ್ತನು ತನ್ನ ಕೊನೆಯ ಗುಟುಕನ್ನು ಕುಡಿದನು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಆ ದಿನವನ್ನೇ ತನ್ನ ಜನ್ಮದಿನವೆಂದು ಎಣಿಸುತ್ತದೆ.

ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದುಂಟು. ವಿಲ್ಸನ್ನನು ಹೋದದ್ದು ಪರೋಪಕಾರಕ್ಕಲ್ಲ, ತಾನು ಉಳಿಯುವುದಕ್ಕೆ. ಕೊಡುವವನೇ ಬೇಡುವವನಾಗಿ ಬಂದುದರಿಂದ, ಪಡೆಯುವವನಿಗೆ ನಾಚಿಕೆಪಡಲು ಕಾರಣವುಳಿಯಲಿಲ್ಲ. ನಾನಾದರೋ ಎತ್ತರದ ಆಸನದಿಂದ ಕರುಣೆಯನ್ನು ಕೆಳಗಿಳಿಸಿದ್ದೆನು. ಕರುಣೆಯು ಸುಳ್ಳಾಗಿರಲಿಲ್ಲ, ಆದರೆ ಅದರಲ್ಲಿ ನನಗೇನೂ ಬೇಕಾಗಿರಲಿಲ್ಲ. ಅದೇ ಅದರ ಕೊರತೆಯಾಗಿತ್ತು.

ಆ ಗೃಹಸ್ಥನನ್ನು ಮೊದಲು ಜಿಲ್ಲೆಯ ಆಸ್ಪತ್ರೆಗೆ ಕರೆದೊಯ್ದೆನು. ಬಹುಕಾಲ ಬಹಳವಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಸೆಳವು ಬರಬಹುದು, ಚಿತ್ತಭ್ರಮೆಯಾಗಬಹುದು, ಪ್ರಾಣವೂ ಹೋಗಬಹುದು. ಆದುದರಿಂದ ವೈದ್ಯರ ಕಣ್ಣಳತೆಯಲ್ಲಿಯೇ ಬಿಡತಕ್ಕದ್ದೆಂದು ಅಲ್ಲಿ ತಿಳಿಯಿತು. ನಾನು ಮಾಡಿಸಿದ ಆಣೆಯು ಒಂದು ಜೀವವನ್ನೇ ತೆಗೆದಿರಬಹುದಿತ್ತು! ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಸಭೆಯ ಸ್ಥಳವನ್ನು ಆಸ್ಪತ್ರೆಯವರೇ ತಿಳಿಸಿದರು. ಹೀಗೆ ಕೇಳಲು ಯಾರೂ ದೊರೆಯದಿದ್ದಲ್ಲಿ 14446 ಎಂಬ ಸರಕಾರದ ಉಚಿತ ವ್ಯಸನಮುಕ್ತಿ ದೂರವಾಣಿಯುಂಟು. ಬಾಗಿಲಲ್ಲಿ ಒಬ್ಬರು ನನ್ನನ್ನು, “ತಮಗೂ ಕುಡಿತದ ತೊಂದರೆಯಿದೆಯೇ?” ಎಂದು ಕೇಳಿದರು. ಇಲ್ಲವೆಂದೆನು. “ಹಾಗಾದರೆ ದಯವಿಟ್ಟು ಹೊರಗೆ ಕೂಡ್ರಿರಿ. ಎಲ್ಲರೂ ಬರಬಹುದಾದ ಸಭೆ ಬೇರೆ ದಿನ ಇರುತ್ತದೆ” ಎಂದರು. ಜೀವಮಾನದಲ್ಲಿ ಮೊದಲ ಸಲ, ನನ್ನ ನಿರ್ದೋಷತ್ವವೇ ನನ್ನನ್ನು ಒಂದು ಸಭೆಯಿಂದ ಹೊರಗಿಟ್ಟಿತು. ಖರ್ಚಿಗೆಂದು ಹಣ ಕೊಡಹೋದರೆ ಅದನ್ನೂ ಒಲ್ಲೆನೆಂದರು; ಹೊರಗಿನವರ ಕಾಣಿಕೆಯನ್ನು ಪಡೆಯದಿರುವುದು ಅವರ ಕಟ್ಟಳೆಯಂತೆ. ಸದಸ್ಯನಾಗಲು ಬೇಕಾದುದು ಕುಡಿತ ಬಿಡುವ ಇಚ್ಛೆಯೊಂದೇ. ಶುಲ್ಕವಿಲ್ಲ, ಜಾತಿಯನ್ನು ಕೇಳುವುದಿಲ್ಲ.

ಇದು ಪರಮತದ ಗಾಳವಲ್ಲವೆ ಎಂದು ಕೆಲವು ಹಿರಿಯರು ಶಂಕಿಸಿದರು. ಆ ಸಂಘದ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಉಂಟು, ನಿಜ. ಆದರೆ ಅವರವರು ತಿಳಿದಂತೆ ದೇವರೆಂದೇ ಅಲ್ಲಿ ಹೇಳಿದೆ. ಕರಸ್ಥಲದ ಲಿಂಗವನ್ನು ನಂಬಿದವನು ಅದನ್ನು ನಂಬಿಯೇ ಅಲ್ಲಿ ಕೂಡ್ರಬಹುದು. ಈ ದಾರಿಯು ಎಲ್ಲರಿಗೂ ಒಗ್ಗುವುದೆಂದು ನಾನು ಹೇಳಲಾರೆ. ಆದರೆ 27 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು, ಪೂರ್ಣವಾಗಿ ಕುಡಿಯದೆ ಉಳಿಯುವ ವಿಷಯದಲ್ಲಿ ಈ ಸಂಘದ ಕಡೆಗೆ ಕ್ರಮವಾಗಿ ನಡೆಸುವ ಚಿಕಿತ್ಸೆಯು ರೂಢಿಯ ಇತರ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟುದನ್ನು ಕಂಡಿದೆ. ಮನೆಯವರಿಗಾಗಿ 1951ರಿಂದ ಅಲ್-ಅನಾನ್ ಎಂಬ ಬೇರೆ ಕೂಟವೂ ಇದೆ.

ನಮ್ಮ ಗೃಹಸ್ಥನು ನಡುವೆ ಒಮ್ಮೆ ಜಾರಿದನು. ಆಗ ಅವನು ಯಾರಿಂದಲೂ ಮುಖ ಮರೆಸಿಕೊಳ್ಳಲಿಲ್ಲ, ಮರುದಿನವೇ ಸಭೆಗೆ ಹೋಗಿ ಹೇಳಿದನಂತೆ. ಅಲ್ಲಿ ಯಾರೂ ಆಣೆಯನ್ನು ಕೇಳುವುದಿಲ್ಲ, ಇಂದೊಂದು ದಿನ ಮಾತ್ರ ಎನ್ನುತ್ತಾರೆ. ಕಳೆದ ವಾರ ಸಂಜೆಯ ಬಸ್ಸಿಗೆ ಅವನು ನೆರೆಹಳ್ಳಿಯ ಇನ್ನೊಬ್ಬನನ್ನು ಕರೆದುಕೊಂಡು ಹೊರಟಿದ್ದನು. ಆ ಇನ್ನೊಬ್ಬನ ಕೈಗಳು ನಡುಗುತ್ತಿದ್ದವು. ಇಬ್ಬರೂ ಮಠದ ಓಣಿಯಿಂದಲೇ ಹಾದುಹೋದರು.