ಲೆಕ್ಕಕ್ಕೆ ದಾಕ್ಷಿಣ್ಯವಿಲ್ಲ

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರ ಮುಂದೆ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನಿಟ್ಟರು: 7,686,369,774,870 ಮತ್ತು 2,465,099,745,779. ಅವುಗಳ ಗುಣಲಬ್ಧವನ್ನು ಅವರು 28 ಸೆಕೆಂಡಿನಲ್ಲಿ ಹೇಳಿದರು: 18,947,668,177,995,426,462,773,730. ಗಿನ್ನೆಸ್ ದಾಖಲೆಯಾದ ಈ ಪ್ರಸಂಗವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಹೇಳುವವರೆಲ್ಲ 28 ಸೆಕೆಂಡಿನ ಹತ್ತಿರ ನಿಂತು ಬೆರಗಾಗುತ್ತಾರೆ. ಆ ಇಪ್ಪತ್ತಾರು ಅಂಕಿಗಳ ಹತ್ತಿರ ಹೋಗುವವರು ಕಡಿಮೆ. ನಾವು ಮೆಚ್ಚಿದವರ ಮಾತನ್ನು ಪರೀಕ್ಷಿಸುವುದು ಅಗೌರವವೇ? ಈ ಪ್ರಶ್ನೆಗೆ ಆ ಸಂಖ್ಯೆಯೇ ಒಳ್ಳೆಯ ಉದಾಹರಣೆ.

ಒಂದು ಹಾಳೆ, ಪೆನ್ಸಿಲ್ ಸಾಕು. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 78. ಅದನ್ನೂ ಕೂಡುತ್ತಾ ಹೋದರೆ 15, ಆಮೇಲೆ 6. ಎರಡನೆಯದರ ಮೊತ್ತ 74. ಅದು 11, ಕೊನೆಗೆ 2. ಆರೆರಡು ಹನ್ನೆರಡು, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138. ಅದು 12, ಕೊನೆಗೆ 3. ತಾಳೆಯಾಯಿತು.

ಇನ್ನೊಂದು ಪರೀಕ್ಷೆ 11ರದು. ಎರಡನೇ ಸಂಖ್ಯೆಯ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಗುಂಪು ಮಾಡಿ ಕೂಡಿದರೆ ಎರಡೂ ಕಡೆ 37. ಹಾಗೆ ಸಮವಾದರೆ ಆ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಿದ್ದರೆ ಉತ್ತರವೂ ಭಾಗವಾಗಲೇಬೇಕು. ಉತ್ತರದ ಇಪ್ಪತ್ತಾರು ಅಂಕಿಗಳನ್ನು ಹಾಗೆಯೇ ಕೂಡಿನೋಡಿದೆ: ಈ ಕಡೆ 69, ಆ ಕಡೆಯೂ 69. 28 ಸೆಕೆಂಡು ಶಕುಂತಲಾ ದೇವಿಯವರದು. ಈ ಸಮತೂಕ ಮಾತ್ರ ಸಂಖ್ಯೆಯದೇ. ಅವರು ಹೇಳುವ ಮೊದಲೂ ಇತ್ತು, ಯಾರೂ ಹೇಳದಿದ್ದರೂ ಇರುತ್ತಿತ್ತು.

ಇಷ್ಟರಿಂದ ಉತ್ತರ ಸರಿಯೆಂದು ಸಿದ್ಧವಾಯಿತೇ? ಇಲ್ಲ. ಎರಡು ಅಂಕಿಗಳು ಅದಲುಬದಲಾದರೆ ಮೊದಲ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ. ಅಕ್ಕಪಕ್ಕದ ಅಂಕಿಗಳು ಬದಲಾಗಿದ್ದರೆ 11ರ ಪರೀಕ್ಷೆ ಹಿಡಿಯುತ್ತದೆ. ಆದರೂ ಎರಡನ್ನೂ ದಾಟುವ ತಪ್ಪು ಉತ್ತರಗಳಿವೆ. ಪ್ರತಿ 99 ಸಂಖ್ಯೆಗಳಲ್ಲಿ ಒಂದು ದಾಟುತ್ತದೆ. ಪರೀಕ್ಷೆ ಸೋತರೆ ಉತ್ತರ ಖಂಡಿತ ತಪ್ಪು; ಗೆದ್ದರೆ ನಂಬಿಕೆಗೆ ಇನ್ನಷ್ಟು ಆಧಾರ, ಅಷ್ಟೇ. ಪೂರ್ತಿ ಸರಿಯೆಂದು ಹೇಳಬೇಕಾದರೆ ಗುಣಾಕಾರವನ್ನೇ ಮಾಡಬೇಕು. ಎಷ್ಟು ಪರೀಕ್ಷಿಸಿದ್ದೇನೋ ಅಷ್ಟನ್ನೇ ಹೇಳುವುದು ಕೂಡ ಪ್ರಾಮಾಣಿಕತೆಯೇ.

ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಇದನ್ನು ಬೇರೆ ಮಾತಿನಲ್ಲಿ ಕೇಳಿದೆ. ಮೀಟರಿಗೆ 360ರಂತೆ ನಾಲ್ಕೂವರೆ ಮೀಟರ್ ಬಟ್ಟೆ. ನಾನು ಫೋನ್ ತೆಗೆಯುವಷ್ಟರಲ್ಲಿ ಅಂಗಡಿಯವರು “ಸಾವಿರದ ಆರುನೂರ ಇಪ್ಪತ್ತು” ಅಂದರು. ಫೋನಿನಲ್ಲಿ ಮತ್ತೆ ಲೆಕ್ಕ ಹಾಕಲು ನನಗೆ ಸಂಕೋಚ. ಅವರೇ ನಕ್ಕು, “ನೋಡ್ಕೊಳ್ಳಿ ಮೇಡಂ, ಲೆಕ್ಕದಲ್ಲಿ ದಾಕ್ಷಿಣ್ಯ ಯಾಕೆ?” ಅಂದರು. ಅವರಿಗೆ ಇಲ್ಲದ ಮುಜುಗರ ನನಗೇಕೆ?

ಹೆಸರು ದೊಡ್ಡದಾದಷ್ಟೂ ಈ ಮುಜುಗರ ಹೆಚ್ಚು. ಸಂಶೋಧನೆಯಲ್ಲಿ ಹಿರಿಯರ ಫಲಿತಾಂಶ ಎತ್ತಿಕೊಳ್ಳುವಾಗ, ಫೋನು ಥಟ್ಟನೆ ಉತ್ತರ ಕೊಟ್ಟಾಗ, ಬೆರಗು ನಮ್ಮ ಬುದ್ಧಿಗೆ ರಜೆ ಕೊಟ್ಟುಬಿಡುತ್ತದೆ. ಎಲ್ಲವನ್ನೂ ಪರೀಕ್ಷಿಸುತ್ತ ಕೂತರೆ ಬದುಕು ಸಾಗದು, ನಿಜ. ಆದರೆ ಕೈಗೆಟುಕುವ ಪರೀಕ್ಷೆಯನ್ನೂ ಗೌರವದ ಹೆಸರಿನಲ್ಲಿ ಬಿಟ್ಟುಬಿಡುವುದು ಭಕ್ತಿಯ ವೇಷದ ಸೋಮಾರಿತನ. ಆ 69 ಮತ್ತು 69ನ್ನು ಕಂಡ ಮೇಲೆ ಶಕುಂತಲಾ ದೇವಿಯವರ ಮೇಲಿನ ನನ್ನ ಗೌರವ ಕಡಿಮೆಯಾಗಲಿಲ್ಲ. ಮೊದಲು ಕೇಳಿ ಮೆಚ್ಚಿದ್ದೆ. ಈಗ ಸ್ವಲ್ಪವಾದರೂ ನೋಡಿ ಮೆಚ್ಚುತ್ತೇನೆ.