ಕಂಡವರಿಲ್ಲದ ಹೊಡೆತ

ರಜೆಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿಗೆ ಹೋಗಿ, ಅಲ್ಲಿಯ ಪುರಾತನ ಮೈದಾನದಲ್ಲಿ 18 ಕುಳಿಗಳ ಗಾಲ್ಫ್ ಆಡುವ ಹವ್ಯಾಸಿಯ ಹಿಂದೆ ತೀರ್ಪುಗಾರನು ನಡೆಯುವುದಿಲ್ಲ. ಒತ್ತಾದ ಹುಲ್ಲಿನಲ್ಲಿ ತನ್ನಿಂದ ಚೆಂಡು ಅಲುಗಿದರೆ ಒಂದು ಹೊಡೆತದ ದಂಡವನ್ನು ತಾನೇ ಹೇಳಿ ತೆರಬೇಕು. ವಿನೋದಕ್ಕೆ ಬಂದವನಿಗೆ ಇಷ್ಟು ಕಟ್ಟಳೆಯೇಕೆ ಎನ್ನುವವರುಂಟು. ವಿನೋದದಲ್ಲಿಯೇ ಮನಸ್ಸು ಸಡಿಲುವುದೆಂಬುದನ್ನು ಅವರು ಮರೆತಿರುವರು.

1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಹವ್ಯಾಸಿಯಾದ ಬಾಬಿ ಜೋನ್ಸನು ಅನ್ಯರು ಕಾಣದ ಚೆಂಡಿನ ಚಲನೆಯನ್ನು ತಾನೇ ಅರುಹಿ ದಂಡ ತೆತ್ತನು. ಆಟ ಸಮವಾಯಿತು, ಹೆಚ್ಚುವರಿ ಆಟದಲ್ಲಿ ವಿಲಿ ಮ್ಯಾಕ್‌ಫರ್ಲೇನನಿಗೆ ಒಂದೇ ಹೊಡೆತದಿಂದ ಸೋತನು. ಹೊಗಳಿದವರ ಹೊಗಳಿಕೆಯನ್ನೂ ಅವನು ಒಪ್ಪಲಿಲ್ಲ.

ರಜೆಯ ಆಟಗಾರನಿಗೆ ಗೆಲ್ಲಲು ಬಿರುದಿಲ್ಲ, ನೋಡಲು ಜನರಿಲ್ಲ. ಜೊತೆಗಾರನು ಅತ್ತ ತಿರುಗಿರುವನು. ಚೆಂಡು ಅಲುಗಿದೆ. ಕೈಯಲ್ಲಿ ಎಣಿಕೆಯ ಚೀಟಿ. ಅವನು ನಾಲ್ಕೆಂದು ಬರೆಯುವನೋ, ಐದೆಂದೋ?