ಗುದ್ದಲಿ ಹಿಡಿಯುವ ಮೊದಲು

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು. ಅದು ಎಷ್ಟರಮಟ್ಟಿಗೆ ಅನಿವಾರ್ಯವೆಂಬುದೇ ಪ್ರಶ್ನೆ.

ಕಳೆದ ಮಳೆಗಾಲದಲ್ಲಿ ಹಿತ್ತಲಿನಲ್ಲಿ ಹೂವಿನ ಪಾತಿ ಮಾಡಲು ನಾನೇ ಗುದ್ದಲಿ ಹಿಡಿದೆ. ಅಭ್ಯಾಸವಿಲ್ಲದ ಕೈ, ಎರಡನೆಯ ಏಟಿಗೇ ಎರೆಹುಳುವೊಂದು ತುಂಡಾಯಿತು. ಆಳನ್ನು ಕರೆಸಿದ್ದರೆ ಈ ಪಾಪ ತಗಲುತ್ತಿರಲಿಲ್ಲವೆಂದು ಮನಸ್ಸು ನುಡಿಯಿತು. ಅದು ಸರಿಯಲ್ಲ. ಕೃತ, ಕಾರಿತ, ಅನುಮೋದಿತ ಮೂರರಲ್ಲಿಯೂ ನಮಗೆ ಪಾಲುಂಟು. ಆಳು ಅಗೆದಿದ್ದರೆ ಹುಳುವಿನ ಸಾವು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಎಣಿಸಿದ್ದಾರೆ. ನಾನು ಅಗೆದದ್ದು ನಿಷ್ಪ್ರಯೋಜನವೇ ಆಗಿತ್ತು. ತರಗೆಲೆ ಹೊದಿಸಿ ತೇವ ಕಾಪಾಡಿದರೆ ಎರೆಹುಳುವೇ ಮಣ್ಣನ್ನು ಸಡಿಲಿಸುತ್ತದೆ. ಇದನ್ನು ನಾನು ಮೊದಲು ವಿಚಾರಿಸಲಿಲ್ಲ.

ಶ್ರಾವಕರು ಮನೆಗೆಲಸವನ್ನು ಸ್ವತಃ ಮಾಡುವುದು ಒಳ್ಳೆಯದು. ಆದರೆ ಬಲ್ಲವರನ್ನು ಕೇಳಿ, ನೆಲವನ್ನು ನೋಡಿ ಮಾಡಬೇಕು.